ಮಣ್ಣಿಗೂ ಬೇಡವಾದ ಮೊಣಕಾಲು

ನನಗಾದ ಅನ್ಯಾಯವನ್ನು ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಕಳೆದ ದೀಪಾವಳಿ ಮುಗಿದ ಮೇಲಿನ ಒಂದು ಭಾನುವಾರ, ಮುಂಬೈ ಕಡೆಯ ಬದಲಾಪುರದಾಚೆಯ ಬಯಲೊಂದರಲ್ಲಿ, ನನ್ನ ಹೆಂಡತಿಯ ಎದುರಿಗೆ, ನನ್ನ ಸ್ವಂತ ಸೋದರಳಿಯನ ಸಮಕ್ಷಮದಲ್ಲಿ, ನಾನು ಮಣ್ಣಿಗೆ ಹೋಗಲು ಅನರ್ಹನೆಂದು ಘೋಷಿಸಲಾಯಿತು. ಮನುಷ್ಯನನ್ನು ಜೀವಮಾನದಲ್ಲಿ ಅನೇಕರು ಬೇಡವೆನ್ನುತ್ತಾರೆ. ಕನ್ಯೆ ನೋಡಲು ಹೋದ ಮನೆಯವರು ನನ್ನನ್ನು ಬೇಡವೆಂದಿದ್ದಾರೆ. ಬಡ್ತಿ ಕೊಡಬೇಕಾಗಿದ್ದ ಸಾಹೇಬರು ಬೇಡವೆಂದಿದ್ದಾರೆ. ಡೊಂಬಿವಲಿಯ ಬೆಳಗಿನ ಫಾಸ್ಟ್ ಲೋಕಲ್ಲಿನ ಬಾಗಿಲಲ್ಲಿ ನೇತಾಡುವವರಂತೂ ದಿನನಿತ್ಯ ಬೇಡವೆಂದಿದ್ದಾರೆ. ಅವರಲ್ಲಿ ಬಹುತೇಕರ ಮುಖ ನನಗೆ ಇಂದಿಗೂ ನೆನಪಿದೆ. ಆದರೆ ಯಾರಿಗೂ ಬೇಡವಾದವನನ್ನೂ ಕೊನೆಗೆ ಮಣ್ಣು ಒಳಗೆ ಕರೆದುಕೊಳ್ಳುತ್ತದೆ ಎಂಬ ಭರವಸೆಯೊಂದಿತ್ತು. ಅದೂ ಹೋಯಿತು. ಕಾರಣ, ನನ್ನ ಮೊಣಕಾಲು.

ನನ್ನ ಎರಡೂ ಮೊಣಕಾಲುಗಳು ಲೋಹದವು. ಹುಟ್ಟುವಾಗ ತಂದವು ಸವೆದುಹೋದದ್ದರಿಂದ ಕೆಲವು ವರ್ಷಗಳ ಹಿಂದೆ ಠಾಣೆ ಶಹರದ ವೈದ್ಯರು ಅವನ್ನು ತೆಗೆದು ಹೊಸವನ್ನು ಕೂಡಿಸಿದರು. ಅದೇ ತಿಂಗಳು ನನ್ನ ತಂಗಿಯ ಮಗ ಮಹಾಂತೇಶನ ನಾಯಿ ರಾಜಾ ರಿಕ್ಷಾದಡಿ ಸಿಕ್ಕು, ಹಿಂಗಾಲು ಮುರಿದುಕೊಂಡು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿತು. ಮಹಾಂತೇಶ ಮಹಾಪೆಯ ತನ್ನ ಕಚೇರಿಯಿಂದ ನೇರವಾಗಿ ನಾಯಿಯ ದವಾಖಾನೆಗೆ ದಿನವೂ ಹೋಗುತ್ತಿದ್ದ. ನನ್ನನ್ನು ನೋಡಲು ಒಮ್ಮೆ ಬಂದ. ಬಂದವನು ನನ್ನ ಕಾಲನ್ನು ನೋಡುವ ಬದಲು ರಾಜಾನ ಕಾಲಿನ ಎಕ್ಸ್‌ರೇಯನ್ನು ನನಗೆ ತೋರಿಸಿ ಹೋದ. ಇದನ್ನು ನಾನು ದೂರೆಂದು ಹೇಳುತ್ತಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತಿದ್ದೇನೆ.

ಇದೇ ಮಹಾಂತೇಶ ಕಳೆದ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದು, ಸೋಫಾದಲ್ಲಿ ನನ್ನ ಪಕ್ಕ ಕುಳಿತು, ಮೊಬೈಲಿನಲ್ಲಿ ಒಂದು ಹೊಸ ಲೋಕವನ್ನೇ ತೆರೆದ. ಪರದೇಶಗಳಲ್ಲಿ ಸತ್ತವರನ್ನು ಹುಲ್ಲು, ಮರದ ಚೂರುಗಳ ನಡುವೆ ಮಲಗಿಸಿ ಗೊಬ್ಬರವಾಗಿಸುತ್ತಾರಂತೆ; ಅಣಬೆಯ ಬೇರಿನಂಥ ಎಳೆಗಳಿಂದ ಹೆಣೆದ ಪೆಟ್ಟಿಗೆಯಲ್ಲಿಟ್ಟರೆ ಪೆಟ್ಟಿಗೆಯೂ ಒಳಗಿನವರೂ ಜೊತೆಜೊತೆಯಾಗಿ ಮಣ್ಣಾಗುತ್ತಾರಂತೆ. ನಾನು ಬೆರಗಾಗಿ ನೋಡಿದೆ. ಅನ್ನಕ್ಕೆ ತುಪ್ಪ ಕಡಿಮೆ ಬಿದ್ದರೆ ಸಿಟ್ಟಾಗುವ ಈ ದೇಹ ಇಷ್ಟು ಸೌಮ್ಯವಾಗಿ ಕರಗಬಲ್ಲದೆಂದು ನನಗೆ ಯಾರೂ ಹೇಳಿರಲಿಲ್ಲ. ಇಲ್ಲಿಯೂ ಅಂಥದೊಂದನ್ನು ಮಾಡಬೇಕೆಂದು ಅವನೂ ಅವನ ಗೆಳೆಯರೂ ಸೇರಿ ಬದಲಾಪುರದಾಚೆ ಜಾಗ ಹಿಡಿದಿದ್ದರು. ಕಟ್ಟಿಗೆಯಿಲ್ಲ, ಪೆಟ್ಟಿಗೆಯಿಲ್ಲ, ಸಿಮೆಂಟಿಲ್ಲ. ಹತ್ತಿಬಟ್ಟೆ, ಮಣ್ಣು, ಮೇಲೊಂದು ಗಿಡ.

"ಏಕ್‌ದಮ್ ನಯಾ ಕಾನ್ಸೆಪ್ಟ್ ಹೈ, ಮಾಮಾ," ಎಂದ. ಡೊಂಬಿವಲಿಯಲ್ಲೇ ಹುಟ್ಟಿದವನು; ಕನ್ನಡ ಅವನ ಕಿವಿಯೊಳಕ್ಕೆ ಹೋಗುತ್ತದೆ, ಬಾಯಿಂದ ಹೊರಗೆ ಬರುವುದಿಲ್ಲ.

"ನಿಮ್ಮಜ್ಜನ್ನ ಹ್ಯಾಂಗ ಇಟ್ಟೇವಿ ಗೊತ್ತದ ಏನು ನಿನಗ?" ಎಂದು ಕೇಳಿದೆ. ನಾವು ವಿಜಯಪುರದ ಕಡೆಯ ಲಿಂಗಾಯತರು. ನಮ್ಮ ತಂದೆ ಡೊಂಬಿವಲಿಯಲ್ಲಿ ತೀರಿಕೊಂಡಾಗ ಪಕ್ಕದ ಕಲ್ಯಾಣದ ರುದ್ರಭೂಮಿಯಲ್ಲಿ ಗುಂಡಿ ತೋಡಿ, ವಿಭೂತಿ ಹಚ್ಚಿ, ಬಿಲ್ವಪತ್ರೆ ಇಟ್ಟು, ಧ್ಯಾನಕ್ಕೆ ಕುಳಿತವರಂತೆ ಕೂಡಿಸಿ ಮಣ್ಣು ಕೊಟ್ಟೆವು. ಪೆಟ್ಟಿಗೆ ಅಂದೂ ಇರಲಿಲ್ಲ, ಬೆಂಕಿ ಅಂದೂ ಇರಲಿಲ್ಲ. ಆ ದಿನ ಕೆಳಮನೆಯ ಗೃಹಸ್ಥರೊಬ್ಬರು, "ಕೂಡಿಸುತ್ತೀರಾ? ಪುಣ್ಯವಂತರು, ಕೊನೆಗಾದರೂ ಸೀಟು ಸಿಕ್ಕಿತು," ಎಂದು ಮರಾಠಿಯಲ್ಲಿ ಹೇಳಿ ತಾವೇ ನಕ್ಕಿದ್ದರು. ಅವರು ಮನೆ ಬಿಟ್ಟು ಹೋಗಿ ಬಹುಕಾಲವಾಯಿತು. ಆ ನಗು ಮಾತ್ರ ಇನ್ನೂ ಮೆಟ್ಟಿಲ ಬಳಿ ನಿಂತಿದೆ.

ಮಹಾಂತೇಶ ಎಲ್ಲವನ್ನೂ ಕೇಳಿ, "ವೋ ಠೀಕ್ ಹೈ ಮಾಮಾ, ಪರ್ ಯೇ ಸೈಂಟಿಫಿಕ್ ಹೈ," ಎಂದ.

ಆದರೂ ಆ ಜಾಗ ನೋಡಲು ಹೋದೆ. ಹೆಂಡತಿ ಗೌರವ್ವನೂ ಬಂದಳು. ಆ ಗುಂಪಿನ ಹಿರಿಯಕ್ಕ ಸುಜಾತಾ ಶೆಟ್ಟಿ; ಉಡುಪಿಯ ಕಡೆಯವರು, ಠಾಣೆಯಲ್ಲಿ ಅವರ ಮನೆಯವರದು ಹೋಟೆಲು. ಹೋಟೆಲಿನ ತರಕಾರಿ ಸಿಪ್ಪೆಯನ್ನು ಗೊಬ್ಬರ ಮಾಡುತ್ತ ಮಾಡುತ್ತ ಅವರಿಗೆ ಮಣ್ಣಿನ ಮೇಲೆ ಭಕ್ತಿ ಹುಟ್ಟಿತಂತೆ. ಮನುಷ್ಯರನ್ನು ಇಡಲು ಸರಕಾರದ ಪರವಾನಗಿ ಇನ್ನೂ ಬಂದಿರಲಿಲ್ಲ. ಸದ್ಯಕ್ಕೆ ಅಲ್ಲಿ ಮಣ್ಣೊಳಗೆ ನೆಲೆಸಿದ್ದವು ಒಂದು ಬೆಕ್ಕು ಮತ್ತು ಮುಪ್ಪಿನಿಂದ ತೀರಿಕೊಂಡ ನಮ್ಮ ರಾಜಾ. ರಾಜಾನ ಮೇಲೆ ನೆಟ್ಟ ನೇರಳೆ ಸಸಿ ನನ್ನ ಎದೆಮಟ್ಟ ಬೆಳೆದು ಎಳೆಗೆಂಪು ಚಿಗುರು ಬಿಟ್ಟಿತ್ತು. ಬದುಕಿದ್ದಾಗ ನನ್ನನ್ನು ಕಂಡರೆ ಬೊಗಳುತ್ತಿದ್ದ ನಾಯಿ ಈಗ ನೆರಳು ಕೊಡಲು ಸಿದ್ಧವಾಗುತ್ತಿತ್ತು.

ಮಣ್ಣಿನ ಕೆಲಸ ತೋರಿಸಲೆಂದು ಸುಜಾತಾ ಅವರು ಪ್ರತಿಯೊಬ್ಬರಿಂದಲೂ ಒಂದೊಂದು ಹಳೆಯ ಹತ್ತಿ ಬಟ್ಟೆ ಕೇಳಿ ಪಡೆದು ಮಳೆಗಾಲಕ್ಕೆ ಮುಂಚೆ ಹೂಳಿದರು. ನಾನು ನನ್ನ ಅರ್ಧತೋಳಿನ ಬಿಳಿ ಅಂಗಿ ಕೊಟ್ಟೆ. ನಿವೃತ್ತನಾಗುವವರೆಗೂ ನಾನು ಕಾರ್ಖಾನೆಯೊಂದರಲ್ಲಿ ತಯಾರಾದ ಸಾಮಾನನ್ನು ತಪಾಸಿಸಿ ಪಾಸು, ನಪಾಸು ಹೇಳುತ್ತಿದ್ದವನು. ಅಂಗಿಯ ಕೊರಳಪಟ್ಟಿಯಲ್ಲಿ 'ಶುದ್ಧ ಹತ್ತಿ' ಎಂದು ಬರೆದದ್ದನ್ನು ಎರಡು ಸಲ ಓದಿಯೇ ಕೊಟ್ಟಿದ್ದೆ.

ದೀಪಾವಳಿಯಾದ ಮೇಲೆ ಅದನ್ನು ತೆಗೆಯುವ ಭಾನುವಾರ ಬಂತು. "ಗುದ್ದಲಿ ಬೇಡ ಮಾರಾಯ್ರೆ, ಮೆಲ್ಲ ಕೈಯಲ್ಲೇ ತೆಗೀರಿ," ಎಂದು ಸುಜಾತಾ ಅವರು ಮಣ್ಣನ್ನು ಬೆರಳಿನಿಂದ ಸರಿಸುತ್ತ ಹೋದರು. ಮೊದಲು ಮೊದಲ ಮಳೆಯ ವಾಸನೆ ಬಂತು. ಅನಂತರ ನನ್ನ ಅಂಗಿ ಕಂಡಿತು. ಅಂದರೆ, ಅಂಗಿ ಇರಲಿಲ್ಲ. ಬಟ್ಟೆಯೆಲ್ಲ ಹೋಗಿ ಹೊಲಿಗೆ ಮಾತ್ರ ಉಳಿದಿತ್ತು. ಕೊರಳು, ಭುಜ, ಎರಡು ತೋಳು, ಜೇಬಿನ ಮೂರು ಬದಿ, ಎಲ್ಲವೂ ಬರಿಯ ದಾರದ ಗೆರೆಯಲ್ಲಿ, ಯಾರೋ ಕಪ್ಪು ನೆಲದ ಮೇಲೆ ರಂಗೋಲಿಯ ಎಳೆ ಬಿಟ್ಟಂತೆ. ಹತ್ತಿಯನ್ನು ಮಣ್ಣು ತನ್ನದೆಂದು ತೆಗೆದುಕೊಂಡಿತ್ತು. ದಾರ ಹತ್ತಿಯದಲ್ಲ, ಹಾಗಾಗಿ ಒಂದು ಗಂಟನ್ನೂ ಸಡಿಲಿಸದೆ ಬಿಟ್ಟಿತ್ತು. 'ಶುದ್ಧ ಹತ್ತಿ' ಎಂದ ಕಂಪನಿಯ ಸುಳ್ಳನ್ನು ಇಷ್ಟು ಶಾಂತವಾಗಿ ಹಿಡಿದವರನ್ನು ನಾನು ಕಂಡಿರಲಿಲ್ಲ. ಕೆಳಗೆ ಬಾಗಿ ನೋಡಿದರೆ, ಎದೆಯ ಗುಂಡಿಯೊಂದರ ತೂತಿನಲ್ಲಿ ಹುಲ್ಲಿನ ಬಿಳಿಯ ಬೇರೊಂದು ತೂರಿ ಆಚೆ ಬಂದಿತ್ತು, ಬಿದ್ದುಹೋದೀತೆಂದು ಹೊಲಿದು ಭದ್ರ ಮಾಡಿದ ಹಾಗೆ. ನನಗರಿವಿಲ್ಲದೆ ನಾನು ಚಪ್ಪಲಿ ಬಿಟ್ಟಿದ್ದೆ. ಜೀವನವಿಡೀ ತಪಾಸಣೆಯನ್ನೇ ಮಾಡಿದವನಿಗೆ ಆ ದಿನ ನಿಜವಾದ ತಪಾಸಣೆ ಯಾವುದೆಂದು ತಿಳಿಯಿತು.

ಗೌರವ್ವ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. "ಆ ಅಂಗಿ ಮ್ಯಾಲಿನ ಅರಿಷಿಣದ ಕಲಿ ನಾ ಎಷ್ಟ ತಿಕ್ಕಿದ್ರೂ ಹೋಗಿದ್ದಿಲ್ಲರಿ," ಎಂದಳು ಮೆಲ್ಲಗೆ. "ಭೂಮ್ತಾಯಿ ಹ್ಯಾಂಗ ತಗದಾಳ ನೋಡ್ರಿ!"

ಅಲ್ಲೇ, ಆ ಗುಂಡಿಯ ಅಂಚಿನಲ್ಲೇ, ಆಕೆ ತೀರ್ಮಾನ ಮಾಡಿಬಿಟ್ಟಳು. ತನ್ನನ್ನು ಇಲ್ಲಿಯೇ ಇಡಬೇಕು, ಮೇಲೆ ಕರಿಬೇವಿನ ಗಿಡ ಹಚ್ಚಬೇಕು. "ಇಷ್ಟು ವರ್ಷ ಭಾಜಿಯಾಂವ್ನ ಹತ್ತರ ನಾಕು ಎಸಳು ಪುಕಟ ಬೇಡಿ ಬೇಡಿ ಇಸಗೊಂಡೀನಿ. ಇನ್ನ ಮ್ಯಾಲ ನಾ ಪುಕಟ ಕೊಡ್ತೀನಿ, ಹರಕೊಂಡ ಹೋಗ್ಲಿ."

"ಪಾಸ್, ಮಾಮಿ, ಪಾಸ್!" ಎಂದ ಮಹಾಂತೇಶ. ನಾನೂ ಸುಜಾತಾ ಅವರ ಮುಂದೆ ಹೋಗಿ, "ನನ್ನನ್ನೂ ಈಕೆಯ ಪಕ್ಕದಲ್ಲೇ ಇಡಬೇಕು. ಆದರೆ ನಮ್ಮ ಪದ್ಧತಿಯಂತೆ ಕೂಡಿಸಬೇಕು, ಮಲಗಿಸಬಾರದು," ಎಂದೆ.

"ಅದಕ್ಕೆ ಎಂತ, ಕೂತ್ರೆ ಒಳ್ಳೇದೇ. ಜಾಗವೂ ಕಡಿಮೆ ಸಾಕು," ಎಂದರು ಅವರು.

ಆಗ ನನ್ನ ಧರ್ಮಪತ್ನಿ ಬಾಯಿ ತೆರೆದಳು. "ಇವರಿಗೆ ಕುಂದ್ರಾಕ ಎಲ್ಲಿ ಬರ್ತದ್ರಿ ಬಾಯಾರ? ಮದವಿ ಮನ್ಯಾಗ ಪಂಕ್ತಿಗೂ ಕುರ್ಚಿ ಕೇಳ್ತಾರ. ಅಲ್ಲೂ ಒಂದು ಕುರ್ಚಿ ಇಡಬೇಕು. ಮೊಣಕಾಲ ಎರಡೂ ಕಬ್ಬಣದ್ದವ!"

ಎಲ್ಲರೂ ನಕ್ಕರು. ಸುಜಾತಾ ಅವರು ಮಾತ್ರ ನಗಲಿಲ್ಲ. "ಕಬ್ಬಿಣವಾ? ಒಳಗೆ ಲೋಹ ಉಂಟಾ? ಅಯ್ಯೋ, ಹಾಗಾದ್ರೆ ಆಗುದಿಲ್ಲ ಅಂಕಲ್. ಮಣ್ಣಿನದ್ದಲ್ಲದ್ದು ಯಾವುದೂ ಒಳಗೆ ಹೋಗಬಾರ್ದು, ಅದು ನಮ್ಮ ನಿಯಮ. ಬೇಜಾರ್ ಮಾಡ್ಬೇಡಿ."

"ಟೆನ್ಶನ್ ನಕೊ ಘೇಊ ಮಾಮಾ," ಎಂದು ಮಹಾಂತೇಶ ನನ್ನ ಬೆನ್ನು ತಟ್ಟಿದ. "ಘುಟ್ನೆ ಕೆ ಲಿಯೇ ಕುಛ್ ಜುಗಾಡ್ ಕರೇಂಗೇ." ನನ್ನ ಮೊಣಕಾಲಿಗೆ, ನನ್ನ ಅಂತ್ಯಸಂಸ್ಕಾರಕ್ಕೆ ಜುಗಾಡ್, ಹೇಗೋ ತೇಪೆ ಹಚ್ಚುವ ಉಪಾಯ! ಆ ಶಬ್ದವನ್ನು ನಾನು ನನ್ನ ಸ್ಮರಣೆಯಲ್ಲಿ ಅದಕ್ಕೆ ಸಲ್ಲಬೇಕಾದ ಸ್ಥಾನದಲ್ಲಿ ಇಟ್ಟಿದ್ದೇನೆ.

ಹಿಂದಿರುಗುವಾಗ ಲೋಕಲ್ಲಿನಲ್ಲಿ ಗೌರವ್ವ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. "ಸತ್ತ ಮ್ಯಾಲ ಆ ಮೊಣಕಾಲ ಬಿಚ್ಚಿಸಿ ಹಳೇ ಸಾಮಾನಿಗೆ ಪಾತ್ರಿ ಕೊಡೋ ಭಾಂಡೆವಾಲಿಗೆ ಹಾಕೋಣ್ರಿ, ಒಂದು ಪಾತೇಲಿಯರ ಬಂದೀತು," ಎಂದು ನಗಿಸಲು ನೋಡಿದಳು. ನಾನು ನಗಲಿಲ್ಲ. ನನಗೆ ಉಳಿದದ್ದು ಕಲ್ಯಾಣದ ರುದ್ರಭೂಮಿ. ಆಕೆಗೆ ದೊರೆತದ್ದು ಬದಲಾಪುರ. ನಡುವೆ ವಿಠ್ಠಲವಾಡಿ, ಉಲ್ಹಾಸನಗರ, ಅಂಬರನಾಥ. ಇಡೀ ಆಯುಷ್ಯ ಲೋಕಲ್ಲಿನಲ್ಲಿ ಕಳೆದವನು ಹೆಂಡತಿಯನ್ನು ಕಾಣಲು ಸತ್ತ ಮೇಲೂ ಬದಲಾಪುರದ ಮೇಲೆ ಹಾಯುವ ಕರ್ಜತ್ ಗಾಡಿಯನ್ನೇ ಕಾಯಬೇಕೆ?

ಸ್ವಲ್ಪ ಹೊತ್ತಿನ ಮೇಲೆ ಆಕೆ, "ನಾ ಯಾಕರ ಬಾಯಿ ಬಿಟ್ಟೆನೋ," ಎಂದಳು. "ನಿಮ್ಮನ್ನ ಬಿಟ್ಟು ಒಬ್ಬಾಕಿ ಅಲ್ಲಿ ಏನ್ ಮಾಡ್ಲಿ ನಾ? ಜಗಳ ಯಾರ ಕೂಡ ಆಡ್ಲಿ?" ಮದುವೆಯಾದಂದಿನಿಂದ ಈವರೆಗೆ ಆಕೆ ನನ್ನ ಬಗ್ಗೆ ಆಡಿದ ಮಾತುಗಳಲ್ಲಿ ಇದಕ್ಕಿಂತ ಕೋಮಲವಾದದ್ದು ನನಗೆ ನೆನಪಿಲ್ಲ, ನನ್ನ ನೆನಪು ಎಂಥದೆಂದು ಓದುಗರು ಈಗಾಗಲೇ ಬಲ್ಲರು.

ಸುಜಾತಾ ಅವರ ನಿಯಮದಲ್ಲಿ ದೋಷ ಹುಡುಕಲು ನಾನು ಅಂಬರನಾಥದವರೆಗೂ ಪ್ರಯತ್ನಿಸಿದೆ. ಸಿಗಲಿಲ್ಲ. ನಾನಾದರೂ ಅವರ ಜಾಗದಲ್ಲಿದ್ದರೆ ಹೊರಗಿನ ವಸ್ತು ಸೇರಿದ ಮಾಲಿಗೆ ನಪಾಸೇ ಹೇಳುತ್ತಿದ್ದೆ, ಇಷ್ಟು ಮೃದುವಾಗಿಯೂ ಹೇಳುತ್ತಿರಲಿಲ್ಲ. ಆದರೆ ಮಣ್ಣು ಹಾಗೆ ಹೇಳಿತೇ? ತನಗೆ ಸಲ್ಲದ ದಾರವನ್ನು ಅದು ಹೊರಗೆಸೆಯಲಿಲ್ಲ. ಅಂಗಿಯ ಆಕಾರ ಕೆಡದಂತೆ ಮಡಿಲಲ್ಲಿಟ್ಟುಕೊಂಡಿತ್ತು. ಪ್ಲಾಸ್ಟಿಕ್ಕಿನ ಗುಂಡಿಗೆ ಬೇರು ಪೋಣಿಸಿತ್ತು. ಹೀಗೆಂದು ಯೋಚಿಸುತ್ತಿರುವಾಗ, ಉಲ್ಹಾಸನಗರದಲ್ಲಿ ಗಾಡಿ ನಿಂತು ಹೊರಟ ಹೊತ್ತಿಗೆ, ಮಹಾಂತೇಶ ಆಸ್ಪತ್ರೆಯಲ್ಲಿ ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದ್ದ ಎಕ್ಸ್‌ರೇ ನನ್ನ ಕಣ್ಣ ಮುಂದೆ ಬಂತು. ರಾಜಾನ ಹಿಂಗಾಲು. ಅದರ ನಡುವೆ, ಮೇಲಿನಿಂದ ಕೆಳಗಿನವರೆಗೆ, ಬೆಳ್ಳಗೆ ಹೊಳೆಯುತ್ತಿದ್ದ ಉಕ್ಕಿನ ಸಲಾಕೆ.

ನನ್ನನ್ನು ನಾಯಿಗೆ ಸಮಾನವಾಗಿ ಕಾಣಿರೆಂದು ಈ ವಯಸ್ಸಿನಲ್ಲಿ ಕೇಳಿಕೊಳ್ಳಬೇಕಾಗಿ ಬಂದದ್ದಕ್ಕೆ ನನಗೆ ಸಂಕೋಚವಿದೆ. ಆದರೂ ಕೇಳುತ್ತೇನೆ. ಸುಜಾತಾ ಅವರೇ, ಚಿರಂಜೀವಿ ಮಹಾಂತೇಶನೇ, ಆ ನೇರಳೆ ಗಿಡ ಎಳೆಗೆಂಪು ಚಿಗುರು ಬಿಟ್ಟು ನನ್ನ ಎದೆಮಟ್ಟ ನಿಂತಿದೆಯಲ್ಲ, ಅದರ ಕೆಳಗೆ ರಾಜಾನನ್ನು ಮಲಗಿಸುವಾಗ ಆ ಸಲಾಕೆಯನ್ನು ತೆಗೆದವರು ಯಾರು?