ಗೆದ್ದ ಟೇಪ್ ರೆಕಾರ್ಡರ್

ಅಲಮೇಲಮ್ಮನವರು ಹಾಡುವ ದೇವರನಾಮಗಳನ್ನು ಕ್ಯಾಸೆಟ್ಟಿಗೆ ತುಂಬಿಸಿ ಬೆಂಗಳೂರಿನ ರೇಡಿಯೋದವರಿಗೆ ಕಳಿಸಬೇಕೆಂದು ಗುಬ್ಬಿಯ ಭಜನಾ ಮಂಡಳಿ ತೀರ್ಮಾನಿಸಿದ್ದೇ ಸುಬ್ಬಕೃಷ್ಣನ ನಿದ್ದೆ ಕೆಡಿಸಿತು. ಟೇಪ್ ರೆಕಾರ್ಡರ್ ಇದ್ದದ್ದು ಇಬ್ಬರ ಹತ್ತಿರ. ಅವನದು ಪುಟ್ಟದು, ಭಾವಮೈದ ಮಸ್ಕತ್ತಿನಿಂದ ತಂದುಕೊಟ್ಟಿದ್ದು. ಪಕ್ಕದ ಮನೆಯ ವೆಂಕಟರಂಗಯ್ಯನವರದು ಮದುವೆ ಟ್ರಂಕಿನಷ್ಟು ದೊಡ್ಡದು. ರೆಕಾರ್ಡು ಮಾಡಿದವರ ಹೆಸರನ್ನು ಕ್ಯಾಸೆಟ್ಟಿನ ಮೇಲೆ ಬರೆಯುತ್ತಾರಂತೆ. ತಾಲ್ಲೂಕು ಕಚೇರಿಯಲ್ಲಿ ಊರವರ ಹೆಸರುಗಳನ್ನೆಲ್ಲ ಬರೆದು ಸವೆದಿದ್ದ ಸುಬ್ಬಕೃಷ್ಣನಿಗೆ ಒಮ್ಮೆಯಾದರೂ ತನ್ನ ಹೆಸರು ಬೆಂಗಳೂರು ನೋಡಬೇಕಿತ್ತು.

"ಪರೀಕ್ಷೆ ಆಗ್ಲಿ, ನ್ಯಾಯವಾಗಿ ಆಗ್ಲಿ" ಎಂದು ಅವನೇ ಸವಾಲು ಹಾಕಿದ.

ಭಾನುವಾರ ಅಲಮೇಲಮ್ಮನವರ ನಡುಮನೆ ತುಂಬಿತು. ಎರಡು ಸಲ ಹಾಡಿಸಿದರೆ ಎರಡು ಥರ ಬರುತ್ತದೆಂದು ಸುಬ್ಬಕೃಷ್ಣ ಪೆಟ್ಟಿಗೆಗೊಂದರಂತೆ ಒಂದೇ ಜಾತಿಯ ಎರಡು ಮೈಕುಗಳನ್ನು ಒಂದೇ ಊರುಗೋಲಿಗೆ ಬಿಗಿದ. ಊರುಗೋಲು ಮಂಡಳಿಯ ಅಧ್ಯಕ್ಷ ವೀರಭದ್ರಯ್ಯನವರದು. ಅವರು ಹಾಡು ಮುಗಿಯುವವರೆಗೂ ಗೋಡೆ ಹಿಡಿದುಕೊಂಡು ನಿಂತರು. ಮೈಕು ಕೊಟ್ಟ ಸಣ್ಣ ದನಿಯನ್ನು ಯಾವ ಪೆಟ್ಟಿಗೆ ಕೆಡಿಸದೆ ದೊಡ್ಡದು ಮಾಡುತ್ತದೆ ಎನ್ನುವುದೇ ಪರೀಕ್ಷೆಯೆಂದು ಸುಬ್ಬಕೃಷ್ಣ ವಿವರಿಸಿದ. ಅರ್ಥವಾಗದಿದ್ದರಿಂದ ಎಲ್ಲರೂ ಒಟ್ಟಿಗೆ ತಲೆಯಾಡಿಸಿದರು.

ಕೇಳಿಸುವಾಗ ಯಾವುದು ಯಾರದೆಂದು ತಿಳಿಯಬಾರದಲ್ಲ. ಪಂಚೆ ಕಟ್ಟಿ ಮರೆ ಮಾಡಿದ್ದಾಯಿತು. ಒಳಗೆ ಗುಂಡಿ ಒತ್ತಲು, ಇಬ್ಬರನ್ನೂ ಕಂಡರಾಗದ ಕೊಲ್ಲಾಪುರಮ್ಮನನ್ನು ಕೂರಿಸಿದ್ದಾಯಿತು. ಮೊದಲನೆಯ ಪೆಟ್ಟಿಗೆ ಅಬ್ಬರಿಸಿದ್ದೇ ತಡ, ಜನ ಇದೇ ಚೆನ್ನ, ಇದೇ ಚೆನ್ನ ಎಂದುಬಿಟ್ಟರು. ಸುಬ್ಬಕೃಷ್ಣ ಅಡ್ಡ ಬಂದ.

"ಜೋರಾಗಿದ್ದೇ ಚೆನ್ನಾಗಿದೆ ಅನ್ನೋದಾದ್ರೆ ಬಸ್ ಕಂಡಕ್ಟರನ್ನೇ ಹಾಡಿಸ್ಬೋದಿತ್ತು. ಕೊಲ್ಲಾಪುರಮ್ಮ, ಎರಡರ ದನೀನೂ ಸಮ ಮಾಡಿ."

ಸಮ ಮಾಡಿದ ಮೇಲೆ ಬಣ್ಣ ಬಯಲಾಯಿತು. ಮೊದಲನೆಯದರಲ್ಲಿ ಅಲಮೇಲಮ್ಮ ಒಗ್ಗರಣೆ ಬಾಣಲಿಯೊಳಗೆ ಕೂತು ಹಾಡಿದ ಹಾಗಿತ್ತು. ಎರಡನೆಯದರಲ್ಲಿ ಬಳೆಯ ಸದ್ದು, ಉಸಿರೆಳೆದದ್ದು, ಚರಣದಲ್ಲಿ ಶ್ರುತಿ ಮೆಟ್ಟಿಲು ತಪ್ಪಿ ಜಾರಿದ್ದು, ಎಲ್ಲವೂ ನೀರಿನಷ್ಟು ತಿಳಿ. ಎಲ್ಲರ ಕೈಯೂ ಎರಡನೆಯದಕ್ಕೇ ಎದ್ದಿತು. ಪಂಚೆ ಸರಿಸಿದರೆ ಅದು ಸುಬ್ಬಕೃಷ್ಣನದು. ವೆಂಕಟರಂಗಯ್ಯನವರ ಮುಖ ತಣ್ಣಗಾದ ಉಪ್ಪಿಟ್ಟಾಯಿತು.

ಅಲಮೇಲಮ್ಮ ಸುಬ್ಬಕೃಷ್ಣನ ಪುಟ್ಟ ಪೆಟ್ಟಿಗೆಯನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡರು.

"ನಿಂದು ಸುಳ್ಳು ಹೇಳಲ್ಲ ಕಣಪ್ಪ ಸುಬ್ಬಕೃಷ್ಣ. ನನ್ ಶ್ರುತಿ ಜಾರುತ್ತೆ ಅಂತ ಇಷ್ಟು ವರ್ಷದಲ್ಲಿ ಒಬ್ರೂ ಹೇಳಿರ್ಲಿಲ್ಲ. ಅದು ನಮ್ಮನೇಲೇ ಇರ್ಲಿ, ದಿನಾ ಕೇಳಿ ತಿದ್ಕೋತೀನಿ."

"ಆಗ್ಲಿ ಅಮ್ಮ. ಮತ್ತೆ ರೇಡಿಯೋಗೆ ಕಳಿಸೋ ರೆಕಾರ್ಡು?"

"ಅದನ್ನ ರಂಗಯ್ಯನವರದ್ರಲ್ಲೇ ಮಾಡ್ಸೋಣ. ಆ ಗೊರಗೊರದಲ್ಲಿ ನನ್ ತಪ್ಪು ಯಾರಿಗೂ ಕೇಳ್ಸಲ್ಲ."

ಮಂಡಳಿ ಒಮ್ಮತದಿಂದ ಒಪ್ಪಿತು. ಪರೀಕ್ಷೆ ಇಷ್ಟು ನ್ಯಾಯವಾಗಿ ನಡೆದದ್ದಕ್ಕೆ ವೀರಭದ್ರಯ್ಯನವರು ಸುಬ್ಬಕೃಷ್ಣನ ಬೆನ್ನನ್ನೂ ತಟ್ಟಿದರು.

ಬರಿಗೈಯಲ್ಲಿ ಚಪ್ಪಲಿ ಮೆಟ್ಟುತ್ತಿದ್ದವನನ್ನು ವೆಂಕಟರಂಗಯ್ಯ ತಮ್ಮ ಪೆಟ್ಟಿಗೆಯ ಒಂದು ಬದಿ ಹಿಡಿದು ಹಿಂದಿನಿಂದ ಕೂಗಿದರು.

"ಹೇಗಿದ್ರೂ ನಿನ್ ಕೈ ಖಾಲಿ ಇದೆಯಲ್ಲಪ್ಪ. ಇದರ ಆ ಕಡೆ ಒಂಚೂರು ಹಿಡ್ಕೋ, ಭಾರ."