ಒಂದೇ ಡೋಸಿನ ಜೋಳ

ಕಾಂಪೌಂಡರ್ ಸಾಹೇಬರ ಹೊಲದ ಜೋಳದ ಎಲೆಗಳು ಅವತ್ತು ಒಂಬತ್ತೂವರೆಯ ಬಿಸಿಲಿಗೇ ಸುರುಳಿ ಸುತ್ತಿಕೊಂಡವು. ಸರಿಯಾಗಿ ಅದೇ ಹೊತ್ತಿಗೆ ದರ್ಜಿ ಸೈಕಲ್ ತುಳಿದುಕೊಂಡು ಆ ದಾರಿಯಲ್ಲಿ ಬಂದ. ಬೇರೆ ಯಾರಾದರೂ ನೋಡಿದ್ದರೆ ಎಲೆಗಳು ತಮ್ಮ ಪಾಡಿಗೆ ತಾವಿರುತ್ತಿದ್ದವು, ಸಾಹೇಬರೂ ತಮ್ಮ ಪಾಡಿಗೆ ತಾವಿರುತ್ತಿದ್ದರು. ಆದರೆ ದರ್ಜಿಯ ಕಣ್ಣಿಗೆ ಬಿದ್ದದ್ದು ಬಾಯಿಗೆ ಬರಲು ಒಂದು ಗುಂಡಿ ಹೊಲಿಯುವಷ್ಟು ಹೊತ್ತೂ ಬೇಡ.

ಅವನು ಸೈಕಲ್ಲನ್ನು ಸೀದಾ ಸಾಹೇಬರ ಮನೆಯ ಕಡೆ ತಿರುಗಿಸಿದ.

"ಅಮ್ಮಾ, ನಿಮ್ಮ ಜೋಳ ಹೋಯ್ತು! ಒಂದೊಂದು ಎಲೆನೂ ಚಾಪೆ ಸುತ್ತಿಟ್ಟ ಹಾಗಿದೆ. ಇವತ್ತೇ ಅಧಿಕಾರಿ ಬರೋದು ಬೇರೆ. ನನಗಂತೂ ನೋಡೋಕಾಗ್ಲಿಲ್ಲ, ಅದಕ್ಕೇ ಎರಡೆರಡು ಸಲ ನೋಡ್ದೆ."

ಸಾಹೇಬರ ಹೆಂಡತಿ ಕೈಯಲ್ಲಿದ್ದ ಮೊರ ಕೆಳಗಿಟ್ಟರು. ಗಂಡ ಕ್ಷೌರಕ್ಕೆ ಹೋಗಿದ್ದರು, ಅವರ ಫೋನು ಗೂಡಿನಲ್ಲೇ ಇತ್ತು. ಆಕೆ ತಮ್ಮನಿಗೆ ಫೋನ್ ಮಾಡಿದರು. ತಮ್ಮನ ಭತ್ತದ ಗದ್ದೆ ಸಾಹೇಬರ ಹೊಲಕ್ಕೆ ಅಂಟಿಕೊಂಡೇ ಇತ್ತು. ಅವನ ಕೊಳವೆಬಾವಿ ದಿನಕ್ಕೆ ಒಂದೇ ಗಂಟೆ ನೀರು ಕೊಡುತ್ತಿತ್ತು. ಆದರೆ ಅಕ್ಕ ಬಿಕ್ಕಿದ ಸದ್ದು ಕೇಳಿದರೆ ಆ ಒಂದು ಗಂಟೆಯನ್ನೂ ಕೊಟ್ಟುಬಿಡುವಂಥ ಮನುಷ್ಯ ಅವನು.

"ಅಳ್ಬೇಡಕ್ಕಾ, ನಾನಿಲ್ವಾ?" ಎಂದು ಫೋನಿಟ್ಟ.

ಸಾಹೇಬರು ಮೂವತ್ತೆರಡು ವರ್ಷ ಆಸ್ಪತ್ರೆಯಲ್ಲಿ ಔಷಧಿ ಅಳೆದು ಕೊಟ್ಟವರು. ಸೀಸೆಯ ಮೇಲೆ ಕಾಗದದ ಗುರುತು ಅಂಟಿಸಿ, "ಇಲ್ಲಿವರೆಗೆ ಬೆಳಿಗ್ಗೆ, ಇಲ್ಲಿವರೆಗೆ ಸಂಜೆ. ಜಾಸ್ತಿ ಕುಡಿದ್ರೆ ಬೇಗ ಗುಣ ಆಗಲ್ಲ, ಬೇಗ ಖಾಲಿ ಆಗುತ್ತೆ ಅಷ್ಟೇ" ಎಂದು ರೋಗಿಗಳನ್ನು ಗದರಿಸಿ ಕಳಿಸುತ್ತಿದ್ದರು. ನಿವೃತ್ತಿಯ ನಂತರ ಎರಡೆಕರೆ ಕಪ್ಪು ಮಣ್ಣಿನ ಹೊಲಕ್ಕೆ ಇಳಿದಾಗ ಆ ಅಳತೆಯ ಬುದ್ಧಿಯೂ ಜೊತೆಗೇ ಇಳಿಯಿತು. ಸುತ್ತಲಿನವರು ಭತ್ತ ನಾಟಿ ಮಾಡಿ ಕಾಲುವೆ ನೀರಿಗಾಗಿ ಪರಸ್ಪರ ಕೊರಳಪಟ್ಟಿ ಹಿಡಿಯುತ್ತಿದ್ದಾಗ ಇವರು ತಣ್ಣಗೆ ಜೋಳ ಬಿತ್ತಿದರು. ಬೀಜ ಹೋದ ವರ್ಷದ ಒಳ್ಳೆಯ ತೆನೆಗಳಿಂದ ಆರಿಸಿಟ್ಟದ್ದು. ಗೊಬ್ಬರ ಹಿತ್ತಲಿನ ಎರಡು ಹಸುಗಳ ಕೊಡುಗೆ. ಸಾಲುಗಳ ನಡುವೆ ಮೊಳದಷ್ಟು ಜಾಗ. ಪೈರು ಗೇಣುದ್ದ ಆಗುತ್ತಲೇ ಒತ್ತಾಗಿ ಬಂದದ್ದನ್ನೆಲ್ಲ ಕಿತ್ತು ಹಸುಗಳ ಮುಂದೆ ಹಾಕಿದರು. "ಒಂದು ವಾರ್ಡಿಗೆ ಇಷ್ಟೇ ಹಾಸಿಗೆ ಅಂತ ಇರುತ್ತೆ" ಎಂಬುದು ಅವರ ವಾದ. ಕಳೆಗೆ ತಲೆಯೆತ್ತಲು ಬಿಡಲಿಲ್ಲ. ಹದಿನೈದು ದಿನಕ್ಕೊಮ್ಮೆ ಎಡೆಕುಂಟೆ ಹೊಡೆದು, ಮೇಲ್ಮಣ್ಣನ್ನು ಪುಡಿ ಮಾಡಿ, ನೆಲ ಬಿಟ್ಟ ಬಿರುಕುಗಳನ್ನು ಮುಚ್ಚಿದರು. ಒಳಗಿನ ತೇವ ಒಳಗೇ ಉಳಿಯಿತು. ಬಿತ್ತಿದ ಮೇಲೆ ಆ ಹೊಲಕ್ಕೆ ಅವರು ಒಂದು ಚೊಂಬು ನೀರನ್ನೂ ಬಿಟ್ಟಿರಲಿಲ್ಲ.

ಬಿಡಬೇಕಾದದ್ದು ಒಂದೇ ಸಲ. ತೆನೆ ಹೊರಗೆ ಬರುವ ಮುಂಚಿನ ವಾರದಲ್ಲಿ ಒಮ್ಮೆ ನೀರು ಕೊಟ್ಟರೆ ಕಾಳು ದುಂಡಗೆ ತುಂಬಿಕೊಳ್ಳುತ್ತದೆ. ಅದನ್ನು ತಪ್ಪಿಸಿದರೆ ಅರ್ಧ ಕಾಳು, ಅರ್ಧ ಹೊಟ್ಟು. ಆ ವಾರ ಇದೇ ವಾರ. ಕಾಲುವೆಯಲ್ಲಿ ಸಾಹೇಬರ ಪಾಳಿ ಇದ್ದದ್ದು ಅವತ್ತೇ ಸಂಜೆ ನಾಲ್ಕಕ್ಕೆ. ಮರುದಿನದಿಂದ ಆ ಬೆಳೆಗಾಲಕ್ಕೆ ಕಾಲುವೆಯೇ ಬಂದ್.

ಅದಕ್ಕೂ ಮುಂಚೆ, ಹನ್ನೆರಡು ಗಂಟೆಗೆ, ಕೃಷಿ ಅಧಿಕಾರಿ ತಪಾಸಣೆಗೆ ಬರುವವರಿದ್ದರು. ಬಿತ್ತಿದ ದಿನದಿಂದ ತಪಾಸಣೆಯ ದಿನದವರೆಗೆ ನೀರು ಹಾಯಿಸದೆ ಬೆಳೆದ ಹೊಲಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದಕ್ಕೆ 'ಮಾದರಿ ಹೊಲ' ಎಂಬ ಫಲಕ. ಹನ್ನೆರಡಕ್ಕೆ ಫಲಕ, ನಾಲ್ಕಕ್ಕೆ ನೀರು. ಇಷ್ಟು ಅಚ್ಚುಕಟ್ಟಾದ ಯೋಜನೆಯನ್ನು ಸಾಹೇಬರು ಆಸ್ಪತ್ರೆಯಲ್ಲಿದ್ದಾಗಲೂ ಹಾಕಿರಲಿಲ್ಲ.

ಅದನ್ನೇ ಅವರು ಕ್ಷೌರಿಕನಿಗೆ ವಿವರಿಸುತ್ತಿದ್ದರು. ಎಡಗೆನ್ನೆ ಮುಗಿದು, ಬಲಗೆನ್ನೆಗೆ ನೊರೆ ಹಚ್ಚಿಯಾಗಿತ್ತು. ದರ್ಜಿ ಬಾಗಿಲಲ್ಲಿ ತಲೆ ತೂರಿಸಿದ.

"ಗಾಬರಿ ಆಗ್ಬೇಡಿ ಸಾಹೇಬ್ರೇ, ಹೊಲ ಉಳೀತು!"

"ಯಾವ ಹೊಲ?"

"ನಿಮ್ಮದೇ. ನಿಮ್ಮ ಬಾಮೈದ ಪಂಪ್ ಹಾಕಿ ನೀರು ಬಿಡ್ತಾ ಇದಾರೆ. ಪುಣ್ಯಾತ್ಮರು!"

ಸಾಹೇಬರು ಕುರ್ಚಿಯಿಂದ ಎದ್ದ ರಭಸಕ್ಕೆ ಕ್ಷೌರಿಕನ ಕತ್ತಿ ಬರೀ ಗಾಳಿಯನ್ನು ಬೋಳಿಸಿತು. ಕೊರಳಿಗೆ ಕಟ್ಟಿದ್ದ ಬಿಳಿ ಬಟ್ಟೆಯ ಸಮೇತ ಅವರು ಬೀದಿಗೆ ಇಳಿದರು. ಅರವತ್ತೆರಡರ ವಯಸ್ಸಿನಲ್ಲಿ ಅಷ್ಟು ಜೋರಾಗಿ ಓಡಬಹುದೆಂದು ಅವರ ಕಾಲುಗಳಿಗೂ ಅವತ್ತೇ ಗೊತ್ತಾದದ್ದು.

ಹೊಲದ ಮೂಲೆಯಲ್ಲಿ ಬಾಮೈದ ಬೆಂಕಿ ಆರಿಸುವವನಂತೆ ದಪ್ಪ ಪೈಪು ಹಿಡಿದು ನಿಂತಿದ್ದ.

"ಬಂದ್ರಾ ಭಾವ! ಇನ್ನು ಯೋಚನೆ ಬಿಡಿ."

"ನಿಲ್ಸೋ! ಮೊದ್ಲು ನಿಲ್ಸೋ ಅದನ್ನ!"

ಹಾಗೆಂದು ಮುಂದೆ ಇಟ್ಟ ಹೆಜ್ಜೆ ಕೆಸರಿನಲ್ಲಿ ಜಾರಿತು. ಸಾಹೇಬರು ಮಕಾಡೆ ಬಿದ್ದರು. ಎದ್ದಾಗ ಎದೆಯಿಂದ ಮೊಣಕಾಲಿನವರೆಗೆ ಕಪ್ಪು, ಬಲಗೆನ್ನೆ ಬಿಳಿ.

"ಎಲೆ ಸುತ್ಕೊಂಡಿದ್ದು ಸಾಯೋಕಲ್ಲಯ್ಯಾ, ಬದುಕೋಕೆ!" ಅವರು ಏದುಸಿರು ಬಿಡುತ್ತ ಹೇಳಿದರು. "ಉರಿಬಿಸಿಲಲ್ಲಿ ನೀನು ಕೈಕಾಲು ಚಾಚ್ಕೊಂಡು ಅಂಗಳದಲ್ಲಿ ಮಲಗ್ತೀಯಾ? ಮುದುರ್ಕೊಂಡು ನೆರಳು ಹುಡುಕ್ತೀಯಾ? ಅದೂ ಹಾಗೇ. ಒಳಗಿನ ನೀರು ಆರದೇ ಇರ್ಲಿ ಅಂತ ಮಡಚ್ಕೊಳ್ಳುತ್ತೆ. ಸಂಜೆ ತಂಪಾದ್ರೆ ತಾನೇ ಬಿಚ್ಕೊಳ್ಳುತ್ತೆ."

"ನನಗೇನು ಗೊತ್ತು ಭಾವ? ನಮ್ಮ ಭತ್ತ ಇಂಥ ಆಟ ಎಲ್ಲ ಆಡಲ್ಲ."

ಎಂಟು ಸಾಲು ನೆನೆದಿದ್ದವು. ಗಡಿಯಾರದಲ್ಲಿ ಹತ್ತೂವರೆ. ಸಾಹೇಬರು ಎದೆಗುಂದುವ ಜಾತಿಯವರಲ್ಲ. ಆಸ್ಪತ್ರೆಯಲ್ಲಿ ಇದಕ್ಕಿಂತ ಕೆಟ್ಟ ಬೆಳಗುಗಳನ್ನು ಕಂಡಿದ್ದರು. ಅಷ್ಟರಲ್ಲಿ ಹೆಂಡತಿಯೂ ದರ್ಜಿಯೂ ಬಂದು ಮುಟ್ಟಿದರು. ಎಲ್ಲರ ಕೈಗೂ ಒಂದೊಂದು ಬುಟ್ಟಿ ಸಿಕ್ಕಿತು. ಆ ತುದಿಯ ಒಣಮಣ್ಣನ್ನು ತಂದು ಈ ತುದಿಯ ಒದ್ದೆಯ ಮೇಲೆ ಉದುರಿಸುವ ಕೆಲಸ ಶುರುವಾಯಿತು. ಫೋಟೋ ತೆಗೆಸುವ ಮುಂಚೆ ಅತ್ತ ಮಗುವಿನ ಮುಖಕ್ಕೆ ಪೌಡರ್ ಬಳಿದಂತೆ ಮೂಲೆ ನಿಧಾನವಾಗಿ ಬೂದುಬಣ್ಣಕ್ಕೆ ತಿರುಗಿತು.

"ಎಲ್ಲರೂ ಕೇಳಿಸ್ಕೊಳ್ಳಿ," ಎಂದರು ಸಾಹೇಬರು, ಒಬ್ಬೊಬ್ಬರ ಮುಖವನ್ನೂ ದಿಟ್ಟಿಸುತ್ತ. "ಈ ಹೊಲಕ್ಕೆ ಇವತ್ತು ನೀರು ಬಿದ್ದಿಲ್ಲ. ಅರ್ಥ ಆಯ್ತಾ?"

ಬಾಮೈದನ ಕಣ್ಣಲ್ಲಿ ನೀರಾಡಿತು. "ನಾನು ಮಾಡಿದ ತಪ್ಪಿಗೆ ನಿಮ್ಮ ಮಾನ ಹೋಗ್ಬಾರ್ದು ಭಾವ. ಕತ್ತಿಗೆ ಕುಡುಗೋಲು ಹಿಡಿದ್ರೂ ನನ್ನ ಬಾಯಿಂದ ಬರಲ್ಲ."

ಹನ್ನೆರಡಕ್ಕೆ ಬರಬೇಕಿದ್ದ ಜೀಪು ಹನ್ನೊಂದಕ್ಕೇ ಬಂತು. ಅಧಿಕಾರಿ ಮೇಡಂ ಟೋಪಿ ಹಾಕಿಕೊಂಡು ಕೈಯಲ್ಲೊಂದು ಸಣ್ಣ ಸಲಿಕೆ ಹಿಡಿದು ಇಳಿದರು. ಹಿಂದಿನ ಸೀಟಿನಿಂದ ನೀರುಗಂಟಿ ಇಳಿದ. ಕಾಲುವೆಯ ತೂಬು ತೆಗೆದು ಮುಚ್ಚಿ, ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವವನು ಅವನೇ. ದಾರಿ ತೋರಿಸಲು ಜೊತೆಗೆ ಬಂದಿದ್ದ.

ಮೇಡಂ ಸಾಹೇಬರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಬಿತ್ತಿದ ಮೇಲೆ ನೀರೇ ಕಾಣದ ಹೊಲ ಅಂದ್ರಿ. ಮೈಮೇಲೆ ಕೆಸರು ಎಲ್ಲಿಂದ ಬಂತು?"

"ಸೈಕಲ್ ಗದ್ದೆಗೆ ಬಿತ್ತು ಮೇಡಂ, ಎತ್ತೋಕೆ ಇಳಿದ್ರು," ಎಂದ ದರ್ಜಿ.

"ಎಮ್ಮೆ ಗದ್ದೆಗೆ ಬಿತ್ತು ಮೇಡಂ," ಎಂದ ಬಾಮೈದ, ಅದೇ ಉಸಿರಿಗೆ.

"ಸೈಕಲ್ಲಾ, ಎಮ್ಮೆನಾ?"

ಸಾಹೇಬರ ಹೆಂಡತಿ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ಸೈಕಲ್ಲು ಎಮ್ಮೆಗೆ ಗುದ್ದಿತು ಮೇಡಂ. ಎರಡೂ ಬಿದ್ವು. ನಮ್ಮೆಜಮಾನ್ರು ಕ್ಷೌರ ಬಿಟ್ಟು ಓಡಿ ಬಂದ್ರು."

ಅರ್ಧ ಬೋಳಿಸಿದ ಮುಖ ಆ ಮಾತಿಗೆ ಸಾಕ್ಷಿ ಹೇಳಿತು. ಮೇಡಂ ತಲೆದೂಗಿ ಸಾಲುಗಳ ನಡುವೆ ನಡೆದರು. ಒದ್ದೆ ಮೂಲೆಯಲ್ಲಿ ಮೂವರೂ ಭುಜಕ್ಕೆ ಭುಜ ತಾಗಿಸಿ, ಗುಂಪು ಫೋಟೋಗೆ ನಿಂತವರಂತೆ ನಿಂತುಬಿಟ್ಟರು. ಸಾಹೇಬರು ಮೇಡಮ್ಮನ್ನು ನಾಜೂಕಾಗಿ ಇನ್ನೊಂದು ಕಡೆಗೆ ಕರೆದೊಯ್ದರು.

ಅಲ್ಲಿ ಆಕೆ ಸಲಿಕೆಯಿಂದ ನೆಲ ಕೆದಕಿದರು. ಮೇಲೆ ಮೂರು ಬೆರಳು ಧೂಳು, ಅದರ ಕೆಳಗೆ ಉಂಡೆ ಕಟ್ಟುವಂಥ ತೇವದ ಮಣ್ಣು.

"ಇಷ್ಟು ತೇವ ಉಳಿದಿದೆಯಲ್ಲ! ಹೇಗೆ ಉಳಿಸಿದ್ರಿ?"

ಇದಕ್ಕೆ ಸುಳ್ಳು ಬೇಕಿರಲಿಲ್ಲ. ಸಾಹೇಬರ ಬೆನ್ನು ನೆಟ್ಟಗಾಯಿತು. ಕುಂಟೆ ಹೊಡೆದದ್ದು, ಬಿರುಕು ಮುಚ್ಚಿದ್ದು, ಪೈರು ತೆಳುವಾಗಿಸಿದ್ದು, ಬೇರು ಆಳಕ್ಕೆ ಹೋಗಿ ತನ್ನ ನೀರನ್ನು ತಾನೇ ಹುಡುಕಿಕೊಳ್ಳಲಿ ಎಂದು ಬಿಟ್ಟದ್ದು ಎಲ್ಲವನ್ನೂ ಹೇಳಿದರು. ಮೇಡಂ ಬರೆದುಕೊಳ್ಳತೊಡಗಿದರು. ತಮ್ಮ ಮಾತನ್ನು ಒಬ್ಬರು ಬರೆದುಕೊಳ್ಳುವುದನ್ನು ಸಾಹೇಬರು ಜೀವಮಾನದಲ್ಲಿ ಕಂಡಿರಲಿಲ್ಲ. ಅಲ್ಲಿಯವರೆಗೆ ವೈದ್ಯರು ಹೇಳಿದ್ದನ್ನು ಬರೆದುಕೊಂಡವರು ಇವರು.

"ರಾಸಾಯನಿಕ ಗೊಬ್ಬರ?"

"ನಮ್ಮ ಹಸುಗಳಿಗೆ ಅವಮಾನ ಮಾಡ್ಬೇಡಿ ಮೇಡಂ."

ಮೇಡಂ ನಕ್ಕರು. "ತೆನೆ ಹೊರಡೋ ಕಾಲ ಬಂತಲ್ಲ. ಇನ್ನು ಮುಂದೆ ಒಂದಾದ್ರೂ ನೀರು ಬೇಕಾಗುತ್ತಲ್ವಾ?"

ಹೌದು ಎಂದಿದ್ದರೆ ಮುಗಿದಿತ್ತು. ಎರಡೇ ಅಕ್ಷರ. ಆದರೆ ಮೇಡಂ ಪೆನ್ನನ್ನು ಕಾಗದದ ಮೇಲೆ ಊರಿ ಕಾಯುತ್ತಿದ್ದರು, ನೀರುಗಂಟಿ ಬಾಯಿ ತೆರೆದು ಕೇಳುತ್ತಿದ್ದ, ಹೆಂಡತಿ ಎಂದೂ ಇಲ್ಲದ ಗೌರವದಿಂದ ನೋಡುತ್ತಿದ್ದರು. ಎಲ್ಲಕ್ಕೂ ಅಳತೆ ಇಟ್ಟಿದ್ದ ಸಾಹೇಬರು ಹೊಗಳಿಕೆಗೆ ಮಾತ್ರ ಇಟ್ಟಿರಲಿಲ್ಲ.

"ನೀರಾ? ಈ ಜೋಳಕ್ಕಾ?" ಅವರು ಕೈ ಬೀಸಿದರು. "ನೀರು ತೋರಿಸಿದ್ರೆ ಮುಖ ತಿರುಗಿಸೋ ಬೆಳೆ ಮೇಡಂ ಇದು. ಕೊಯ್ಲಿನವರೆಗೂ ಒಂದು ತೊಟ್ಟು ಬೇಡ!"

ಮೇಡಮ್ಮನ ಕಣ್ಣು ಅರಳಿತು. "ಇಂಥ ಧೈರ್ಯ ಇರೋ ರೈತರನ್ನೇ ನಾವು ಹುಡುಕ್ತಾ ಇದ್ದದ್ದು. ಎಲ್ಲರೂ ತಪಾಸಣೆ ಮುಗಿದ ಕೂಡ್ಲೇ ನೀರು ಬಿಟ್ಕೊಳ್ತಾರೆ." ಆಕೆ ಜೀಪಿನಿಂದ ಫಲಕ ತರಿಸಿ, 'ಮಾದರಿ ಹೊಲ' ಎಂಬುದರ ಕೆಳಗೆ ಬಣ್ಣದಲ್ಲಿ ಕೈಯಾರೆ ಬರೆದರು: 'ಬಿತ್ತನೆಯಿಂದ ಕೊಯ್ಲಿನವರೆಗೆ ನೀರು ಹಾಯಿಸದ ಬೆಳೆ.'

ನೀರುಗಂಟಿ ತಲೆ ಕೆರೆದುಕೊಂಡ. "ಇವತ್ತು ನಾಲ್ಕಕ್ಕೆ ಇವರ ಪಾಳಿ ಇತ್ತಲ್ಲ ಮೇಡಂ. ಅದನ್ನೇನು ಮಾಡ್ಲಿ?"

"ಪಕ್ಕದ ಗದ್ದೆಗೆ ಬಿಡಿ. ಅವರಿಗಾದ್ರೂ ಆಗ್ಲಿ."

ಸಾಹೇಬರ ಕಿವಿಯಲ್ಲಿ ಪಂಪು ಓಡಿದಂತಾಯಿತು. ಅರ್ಧ ಕಾಳು, ಅರ್ಧ ಹೊಟ್ಟಿನ ತೆನೆಗಳು ಕಣ್ಣ ಮುಂದೆ ತೂಗಿದವು. ಫಲಕ ಹಾಳಾಗಿ ಹೋಗಲಿ, ಕಾಳು ಉಳಿಯಲಿ ಎಂದು ಒಂದೇ ಕ್ಷಣದಲ್ಲಿ ನಿರ್ಧರಿಸಿದರು.

"ಮೇಡಂ, ನಿಜ ಹೇಳಿಬಿಡ್ತೀನಿ. ನಾನು ಆ ಫಲಕಕ್ಕೆ ಲಾಯಕ್ಕಲ್ಲ. ಇವತ್ತು ಬೆಳಿಗ್ಗೆ ಈ ಹೊಲಕ್ಕೆ ನೀರು ಬಿದ್ದಿದೆ. ಇವನೇ ಬಿಟ್ಟಿದ್ದು, ಕೇಳಿ."

ಎಲ್ಲರೂ ಬಾಮೈದನ ಕಡೆ ತಿರುಗಿದರು. ಬಾಮೈದ ಕೈಕಟ್ಟಿ ನಿಂತ. ಮುಖದಲ್ಲಿ ಹುತಾತ್ಮನ ಕಳೆ.

"ನಾನು ನೀರು ಬಿಟ್ಟಿಲ್ಲ ಮೇಡಂ. ನನ್ನ ಬಾವಿಲಿ ನನಗೇ ನೀರಿಲ್ಲ."

"ಲೋ! ನಾನೇ ಹೇಳ್ತಾ ಇದೀನಲ್ಲೋ, ಒಪ್ಕೊಳ್ಳೋ!"

"ನೀವು ಏನೇ ಹೇಳಿ ಭಾವ, ನಾನು ಹೇಳಲ್ಲ."

"ದರ್ಜಿ, ನೀನಾದ್ರೂ ಹೇಳಪ್ಪಾ!"

ಊರಿನ ಗುಟ್ಟುಗಳನ್ನೆಲ್ಲ ಬೀದಿಗೆ ತಂದ ದರ್ಜಿ ಜೀವನದಲ್ಲಿ ಮೊದಲ ಬಾರಿಗೆ ತುಟಿ ಬಿಗಿದು ಇಲ್ಲವೆಂದು ತಲೆಯಾಡಿಸಿದ. ಹೆಂಡತಿ ಮಾತ್ರ ಮೇಡಮ್ಮನ ಹತ್ತಿರ ಹೋಗಿ ಮೆಲ್ಲಗೆ ಹೇಳಿದರು: "ಅವರು ಮೊದಲಿಂದಲೂ ಹೀಗೇನೇ. ಹೊಗಳಿದ್ರೆ ನಾಚ್ಕೋತಾರೆ."

"ಮೂಲೆ ಅಗೆದು ನೋಡಿ!" ಎನ್ನುತ್ತ ಸಾಹೇಬರು ತಾವೇ ಮೇಡಮ್ಮನ ಸಲಿಕೆ ತೆಗೆದುಕೊಂಡು ಓಡಿದರು. ಕೆದಕಿದರೆ ಒದ್ದೆ ಮಣ್ಣು ಬಂತು. "ನೋಡಿ, ನೋಡಿ!"

ಮೇಡಂ ಅದನ್ನು ಬೆರಳಲ್ಲಿ ಉಂಡೆ ಕಟ್ಟಿದರು. "ಅಲ್ಲಿ ನೋಡಿದ್ದಕ್ಕಿಂತ ಇಲ್ಲಿ ಇನ್ನೂ ಚೆನ್ನಾಗಿ ತೇವ ಹಿಡಿದಿಟ್ಟಿದ್ದೀರಿ! ಇದನ್ನೂ ಬರ್ಕೋತೀನಿ." ಆಮೇಲೆ ಬಾಮೈದನ ಕಡೆ ತಿರುಗಿ, "ನೀವು ಪಕ್ಕದವರು. ಕೊಯ್ಲಿನವರೆಗೆ ಈ ಹೊಲಕ್ಕೆ ಯಾರೂ ನೀರು ಬಿಡದ ಹಾಗೆ ನೋಡ್ಕೊಳ್ಳೋ ಜವಾಬ್ದಾರಿ ನಿಮ್ಮದು" ಎಂದು ಅವನ ಕೈಯಲ್ಲೇ ಸಹಿ ಹಾಕಿಸಿಕೊಂಡು ಜೀಪು ಹತ್ತಿದರು.

ನಾಲ್ಕು ಗಂಟೆಗೆ ಕಾಲುವೆಯ ನೀರು ಬಂತು. ಸಾಹೇಬರ ತೂಬಿನ ಮುಂದೆಯೇ ಗುಳುಗುಳು ಎನ್ನುತ್ತ ಹಾದು ಭತ್ತದ ಗದ್ದೆಗೆ ಇಳಿಯಿತು. ಸಾಹೇಬರು ಬದುವಿನ ಮೇಲೆ ಸುಮ್ಮನೆ ಅಡ್ಡಾಡುವವರಂತೆ ನಟಿಸುತ್ತ, ಕಾಲಿನಿಂದ ತೂಬಿನ ಹಲಗೆಯನ್ನು ಒಂದಿಷ್ಟು ಸರಿಸಲು ನೋಡಿದರು. ಎದುರಿಗೆ ಬಾಮೈದ ಉದ್ದನೆಯ ಕೋಲು ಹಿಡಿದು ಎದ್ದುನಿಂತ. ಬಿಸಿಲಿಗೆ ತಲೆಗೊಂದು ಟವೆಲ್ ಸುತ್ತಿ, ಕುಡಿಯುವ ನೀರಿನ ಬಾಟಲಿ ಪಕ್ಕದಲ್ಲಿಟ್ಟುಕೊಂಡು, ಕತ್ತಲಾಗುವವರೆಗೂ ಅಲ್ಲೇ ಇರುವ ತಯಾರಿಯಲ್ಲಿ ಬಂದಿದ್ದ.

"ಭಾವ, ನೀವು ನಿಶ್ಚಿಂತೆಯಿಂದ ಮನೆಗೆ ಹೋಗಿ ಇನ್ನೊಂದು ಕೆನ್ನೆ ಬೋಳಿಸ್ಕೊಳ್ಳಿ," ಎಂದ ಅವನು, ತುಂಬು ಅಭಿಮಾನದಿಂದ. "ನನ್ನ ಉಸಿರು ಇರೋವರೆಗೂ ನಿಮ್ಮ ಹೊಲಕ್ಕೆ ಒಂದು ಹನಿ ಇಳಿಯೋಕೆ ಬಿಡಲ್ಲ."