ಬರೋಬ್ಬರಿ ಎಷ್ಟು ಮಂದಿ?

ಮಾತು ಲೆಕ್ಕದಷ್ಟೇ ಖಚಿತವಾಗಿರಬೇಕು ಎಂಬ ಹುಚ್ಚು ನನಗೆ ಒಮ್ಮೆ ಹಿಡಿದಿತ್ತು. ಹದಿನೈದೇ ದಿನದ ಹುಚ್ಚು, ಆದರೆ ಅಷ್ಟರಲ್ಲೇ ಮನೆಯ ಮರ್ಯಾದೆಯನ್ನು ಅರ್ಧ ಕಳೆದೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಜೇವರ್ಗಿಯ ಶಾಲೆಯೊಂದರಲ್ಲಿ ಗಣಿತದ ಮಾಸ್ತರ. ಹೈದರಾಬಾದಿನಲ್ಲಿದ್ದ ಗೆಳೆಯನೊಬ್ಬ ಲೊಜ್ಬಾನ್ ಎಂಬ ಭಾಷೆಯ ಬಗ್ಗೆ ಒಂದಿಷ್ಟು ಜೆರಾಕ್ಸ್ ಹಾಳೆಗಳನ್ನು ಅಂಚೆಯಲ್ಲಿ ಕಳಿಸಿದ. ಯಾವ ಊರಿನವರೂ ಆಡದ, ತರ್ಕ ಬಲ್ಲವರು ಕೂತು ಕಟ್ಟಿದ ಭಾಷೆ. ಅದರಲ್ಲಿ 'ಕೆಲವರು', 'ಸುಮಾರು ಮಂದಿ' ಎಂದು ಜಾರಿಕೊಳ್ಳುವ ಅಗತ್ಯವೇ ಇಲ್ಲ. 'ರೊ' ಅಂದರೆ ಒಬ್ಬರನ್ನೂ ಬಿಡದೆ ಎಲ್ಲರೂ, 'ಸುಹೊ' ಅಂದರೆ ಕನಿಷ್ಠ ಒಬ್ಬರು, 'ಪಾ' ಅಂದರೆ ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ, ಬರೋಬ್ಬರಿ ಒಬ್ಬರು. ಅಲ್ಲದೆ, ನಿಜವಾಗಿಯೂ ಅದೇ ಆಗಿರುವ ವಸ್ತುವಿಗೆ 'ಲೊ', ನಾನು ಮನಸ್ಸಿನಲ್ಲಿಟ್ಟುಕೊಂಡು ಹಾಗೆ ಕರೆಯುವ ವಸ್ತುವಿಗೆ 'ಲೆ'. ಓದಿ ನನಗೆ ಆದ ಆನಂದ ಅಷ್ಟಿಷ್ಟಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ "ಎಲ್ಲಾರೂ ಚಹಾ ಕುಡಿದ್ರೇನ್ರಿ?" ಎಂದರೆ, "ಎಲ್ಲಾರೂ ಅಂದ್ರ ಯಾರ್‍ಯಾರು?" ಎಂದು ಕೇಳುತ್ತಿದ್ದೆ. ನನಗೆ ಚಹಾ ಕೊಡುವುದನ್ನೇ ಬಿಟ್ಟರು.

ಅದೇ ಹೊತ್ತಿಗೆ ಆಳಂದದ ನಮ್ಮ ಮನೆಯಲ್ಲಿ ತಂಗಿಯ ಮಗಳ ತೊಟ್ಟಿಲ ಕಾರ್ಯ ಬಂತು. ತಂಗಿಯನ್ನು ಅಫಜಲಪುರಕ್ಕೆ ಕೊಟ್ಟಿದ್ದೆವು. ಘತ್ತರಗಿಯ ದೇವಿಗೆ ಹರಕೆ ಹೊತ್ತು ಹುಟ್ಟಿದ ಕೂಸು, ಭಾಗ್ಯಶ್ರೀ ಎಂದು ಹೆಸರಿಡುವುದಾಗಿತ್ತು. ಹಿಂದಿನ ದಿನ ಅವ್ವ ನನ್ನನ್ನು ಕರೆದು, "ನಮ್ಮವ್ರಿಗೆಲ್ಲಾ ಹೇಳಿ ಬಾ" ಎಂದಳು.

"ನಮ್ಮವ್ರು ಅಂದ್ರ ಯಾರವ್ವಾ? ಪಟ್ಟಿ ಕೊಡು."

"ನನ್ನ ಮನಸ್ಸಿನ್ಯಾಗ ಇದ್ದವ್ರು. ನಿನಗ ಗೊತ್ತಿಲ್ಲೇನು?"

ನಮ್ಮ ಕಡೆ ಊಟಕ್ಕೆ ಕರೆಯಲು ಎರಡು ರೀತಿ. ದೂರದವರಿಗೆ 'ಮನಿಗೊಬ್ಬರು ಬರ್ರಿ' ಅನ್ನುತ್ತಾರೆ. ಹತ್ತಿರದವರಿಗೆ 'ಒಲಿ ಹಚ್ಚಬ್ಯಾಡ್ರಿ' ಅನ್ನುತ್ತಾರೆ. ಇಡೀ ಮನೆ ಬರಬೇಕೆಂದು ಅರ್ಥ. ಎಷ್ಟು ಮಂದಿ ಬರುತ್ತೀರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ ಅನ್ನವನ್ನು ಅಳೆದು ಇಟ್ಟಂತೆ. ಇದೆಲ್ಲ ಗೊತ್ತಿದ್ದೂ ನಾನು ನೋಟ್‌ಬುಕ್ಕು ಹಿಡಿದು ಹೊರಟೆ.

ಪಕ್ಕದ ಮನೆಯ ಗುರಮ್ಮ ಕಾಕು ನಮಗೆ ರಕ್ತಸಂಬಂಧಿಯಲ್ಲ. ಅವ್ವನಿಗೆ ವಿಷಮಜ್ವರ ಬಂದಾಗ ನನಗೂ ತಂಗಿಗೂ ತಿಂಗಳುಗಟ್ಟಲೆ ರೊಟ್ಟಿ ಹಾಕಿದವಳು. ಮನೆಯಲ್ಲಿ ಹನ್ನೊಂದು ಜನ. ಆಕೆ ಜೋಗುಳ ಎತ್ತದೆ ನಮ್ಮ ಓಣಿಯಲ್ಲಿ ಯಾವ ತೊಟ್ಟಿಲೂ ತೂಗಿರಲಿಲ್ಲ. ಅಂಥವಳ ಮುಂದೆ ನಿಂತು ನಾನು, "ಕಾಕು, ನಿಮ್ಮನಿಯಿಂದ ಬರೋಬ್ಬರಿ ಎಷ್ಟು ಮಂದಿ ಬರ್ತೀರಿ ಹೇಳ್ರಿ, ಬರಕೋತೀನಿ" ಎಂದೆ. ಕಾಕು ನನ್ನ ಮುಖವನ್ನೂ ಪೆನ್ನನ್ನೂ ನೋಡಿದಳು. "ಒಬ್ಬರು ಬರ್ತಾರ. ಬರಕೋಪಾ" ಎಂದು ಒಳಗೆ ಹೋದಳು. ನಾನು ಖುಷಿಯಿಂದ ಬರೆದುಕೊಂಡೆ.

ಮರುದಿನ ಆ ಮನೆಯಿಂದ ಬಂದದ್ದು ಆಕೆಯ ಗಂಡ, ಕಾಕಾ. ವರ್ಷಕ್ಕೆ ನಾಲ್ಕು ಮಾತಾಡುವ ಮನುಷ್ಯ. ತೊಟ್ಟಿಲ ಸುತ್ತ ಕುಪ್ಪಸದ ಖಣ ಹಿಡಿದು ಕೂತ ಹೆಂಗಸರ ನಡುವೆ ತಲೆಗೆ ಪಟಗಾ ಸುತ್ತಿಕೊಂಡು ಕೂತು, "ಬರೋಬ್ಬರಿ ಒಬ್ಬ ಬಂದೀನಿ. ಬರಕೋರಿ" ಎಂದರು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅವ್ವ ನಗಲಿಲ್ಲ. ನನ್ನಿಂದ ನಡೆದದ್ದನ್ನೆಲ್ಲ ಬಾಯಿಬಿಡಿಸಿ, "ಆಕಿ ಬರೋತನಾ ತೊಟ್ಟಲಾ ತೂಗಂಗಿಲ್ಲ" ಎಂದು ಕೂತುಬಿಟ್ಟಳು. ಕೂಸು ಅಳುತ್ತಿತ್ತು, ತಂಗಿಯ ಕಣ್ಣಲ್ಲೂ ನೀರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಓಡಿದೆ. ಕಾಕು ಒಲೆ ಹಚ್ಚಿ ರೊಟ್ಟಿ ಬಡಿಯುತ್ತಿದ್ದಳು. ಕೂತವನೇ ಉರಿಯುವ ಕಟ್ಟಿಗೆಗಳನ್ನು ಒಂದೊಂದಾಗಿ ಹೊರಗೆಳೆದೆ. ಬೆರಳು ಸುಟ್ಟಿತು.

"ಲೇ ಹುಚ್ಚಾ, ಹಂಚಿನ ಮ್ಯಾಲ ರೊಟ್ಟಿ ಅದಲೇ!" ಎಂದಳು ಕಾಕು.

"ಒಲಿ ಹಚ್ಚಬ್ಯಾಡ್ರಿ ಕಾಕು" ಎಂದೆ.

ಆಕೆ ನನ್ನ ಬೆರಳಿಗೆ ಎಣ್ಣೆ ಹಚ್ಚುತ್ತ, "ನೋಟ್‌ಬುಕ್ಕ ಎಲ್ಲಿಟ್ಟಿ?" ಎಂದು ಕೇಳಿ ನಕ್ಕಳು. ಉಳಿದ ಒಂಬತ್ತೂ ಮಂದಿಯನ್ನು ಕಟ್ಟಿಕೊಂಡು ಬಂದಳು. ಆಕೆಯ ಜೋಗುಳಕ್ಕೆ ಕೂಸು ಸುಮ್ಮನಾಯಿತು, ಅವ್ವನೂ ಕೂಡ. ಅವ್ವ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ 'ನಮ್ಮವರು' ಆ ಹಾಳೆಗಳಲ್ಲಿದ್ದ 'ಲೆ'ಯೇ ಆಗಿತ್ತು. ಮೂರು ಸಲ ಓದಿದ್ದ ನನಗೆ ಹೊಳೆಯದ್ದು ಒಂದಕ್ಷರವೂ ಓದದ ಅವ್ವನಿಗೆ ಗೊತ್ತಿತ್ತು.

ಈಗ ಅವ್ವನೂ ಇಲ್ಲ, ಕಾಕುವೂ ಇಲ್ಲ. ಮೊನ್ನೆ ಅದೇ ಭಾಗ್ಯಶ್ರೀ ತನ್ನ ಮಗಳ ತೊಟ್ಟಿಲಿಗೆ ಕರೆಯಲು ಫೋನು ಮಾಡಿದಳು. "ಮಾಮಾ, ಬರೋಬ್ಬರಿ ಎಷ್ಟು ಮಂದಿ ಬರ್ತೀರಿ? ಅಡಗಿಯವ್ರಿಗೆ ಹೇಳಬೇಕು." ನನಗೆ ಬಂದ ಸಿಟ್ಟು ಹೇಳತೀರದು. "ಒಬ್ಬ" ಎಂದು ಫೋನಿಟ್ಟೆ. ತೊಟ್ಟಿಲಿನ ದಿನ ಬೇಕೆಂದೇ ಹೆಂಡತಿಯಿಂದ ಒಲೆ ಹಚ್ಚಿಸಿ, ಬಾಗಿಲು ತೆರೆದಿಟ್ಟು, ಯಾರಾದರೂ ಓಡಿಬಂದು ಕಟ್ಟಿಗೆ ಎಳೆಯುತ್ತಾರೆಂದು ಕಾದು ಕೂತೆ. ನಮ್ಮದು ಗ್ಯಾಸಿನ ಒಲೆ ಎಂಬುದು ಹೆಂಡತಿ ಹೇಳಿದ ಮೇಲೆ ನೆನಪಾಯಿತು. ಕೊನೆಗೆ ನಾನೇ ಎದ್ದು ಒಲೆ ಆರಿಸಿ, ಅಂಗಿ ತೊಟ್ಟು, ಆಕೆಯನ್ನೂ ಕರೆದುಕೊಂಡು ಹೊರಟೆ. ಹೇಳಿದ್ದು ಒಬ್ಬ, ಹೋದದ್ದು ಇಬ್ಬರು. ಬೇಕಾದರೆ ಬರಕೊಳ್ಳಲಿ.